ಅಕ್ಕನಿಗಾಗಿ ಅಕ್ಕಪಕ್ಕ ಎರಡು ಕಪಾಟು

ಮಂಚವನ್ನು ಮನುಷ್ಯ ಕಂಡುಹಿಡಿದದ್ದು ಮಲಗುವುದಕ್ಕೆಂದು ನಾನು ಬಹುಕಾಲ ನಂಬಿದ್ದೆ. ಸಂಸಾರ ಬೆಳೆದಂತೆ ಆ ನಂಬಿಕೆ ಸಡಿಲಾಯಿತು. ಮೇಲೆ ಮಲಗುವುದು ಮಂಚದ ಆನುಷಂಗಿಕ ಪ್ರಯೋಜನ. ಮುಖ್ಯ ಪ್ರಯೋಜನವಿರುವುದು ಕೆಳಗಡೆ. ಗೋಕಾಕದ ನಮ್ಮ ಮನೆಯ ಮಂಚಗಳ ಅಧೋಲೋಕದಲ್ಲಿ ಕೆಟ್ಟ ಮಿಕ್ಸರು, ಮದುವೆಯಾಗಿ ಹೋದ ಮಗಳ ಕೇರಂ ಬೋರ್ಡು, ಯಾರು ಯಾವಾಗ ಕೊಟ್ಟರೆಂದು ನೆನಪಿಲ್ಲದ ಊಟದ ಸೆಟ್ಟು ಎಲ್ಲವೂ ಪರಮ ಸೌಹಾರ್ದದಿಂದ ಬಾಳುತ್ತಿದ್ದವು. ತಮ್ಮ ಮಂಚದ ಕೆಳಗೆ ಏನೇನಿದೆಯೆಂದು ಬಗ್ಗಿ ನೋಡದೆ ಹೇಳಬಲ್ಲ ಓದುಗರು ಯಾರಾದರೂ ಇದ್ದರೆ ಅವರಿಗೆ ನನ್ನದೊಂದು ನಮಸ್ಕಾರ.

ಹೋದ ವರ್ಷ ಈ ಲೋಕಕ್ಕೆ ನನ್ನ ಅಕ್ಕನ ಕಬ್ಬಿಣದ ಟ್ರಂಕುಗಳು ಬಂದು ಸೇರಿದವು. ಪದ್ಮಕ್ಕ ಸರ್ಕಾರಿ ನರ್ಸಾಗಿದ್ದವಳು. ಮದುವೆಯ ಗೊಡವೆಗೆ ಹೋಗದೆ ಇಡೀ ಆಯುಷ್ಯವನ್ನು ಕುಲಗೋಡ, ಮಮದಾಪುರ, ಹುಕ್ಕೇರಿ ಸೀಮೆಯ ಹಳ್ಳಿಗಳ ಹೆರಿಗೆಗಳಿಗೂ ಲಸಿಕೆಗಳಿಗೂ ಮುಡಿಪಾಗಿಟ್ಟವಳು. ವರ್ಗವಾದಾಗಲೆಲ್ಲ ಊರು ಬದಲು, ಊರು ಬದಲಾದಾಗಲೆಲ್ಲ ಬಾಡಿಗೆಯ ಖೋಲಿ ಬದಲು. ನಿವೃತ್ತಳಾದ ಮೇಲೆ ಅವಳೆಲ್ಲಿರಬೇಕೆಂಬ ಪ್ರಶ್ನೆಯನ್ನು ನಾನೂ ಹುಕ್ಕೇರಿಯಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ತಮ್ಮ ಭರತನೂ ಫೋನಿನಲ್ಲೇ ಬಗೆಹರಿಸಿದ್ದೆವು: ದೀಪಾವಳಿಯವರೆಗೆ ನನ್ನ ಮನೆ, ಆಮೇಲೆ ಅರ್ಧ ವರ್ಷ ಅವನ ಮನೆ, ಮತ್ತೆ ನನ್ನ ಮನೆ. ಎಂಥ ನ್ಯಾಯಸಮ್ಮತ ಹಂಚಿಕೆ ಎಂದು ನಾವಿಬ್ಬರೂ ಒಬ್ಬರನ್ನೊಬ್ಬರು ಅಭಿನಂದಿಸಿಕೊಂಡೆವು. ಹಂಚಿಕೆಗೆ ಒಳಗಾದವಳನ್ನು ಕೇಳುವುದೊಂದು ಮಾತ್ರ ಇಬ್ಬರಿಗೂ ಹೊಳೆಯಲಿಲ್ಲ.

ಅಕ್ಕ ನಮ್ಮ ಮನೆತನದಲ್ಲೇ ಎತ್ತರದ ಹೆಂಗಸು. ಅಷ್ಟೆತ್ತರದ ಅವಳು ದಿನಾ ಬೆಳಗ್ಗೆ ಮೊಣಕಾಲೂರಿ, ಮಂಚದ ಕೆಳಗಿನಿಂದ ಟ್ರಂಕು ಎಳೆದು, ಒಂದು ಸೀರೆ ತೆಗೆದು, ಕೀಲಿ ಹಾಕಿ ಮತ್ತೆ ಒಳಗೆ ತಳ್ಳುತ್ತಿದ್ದಳು. ನನ್ನ ಹೆಂಡತಿ ಸುನಂದಾ ತಡೆಯಲಾರದೆ ಒಮ್ಮೆ, "ಅಕ್ಕಾರ, ನನ್ನ ಕಪಾಟಿನ್ಯಾಗ ಎರಡ ಖಾನೆ ಖಾಲಿ ಮಾಡಿ ಕೊಡ್ತೇನ್ರಿ" ಎಂದಳು.

"ಬ್ಯಾಡವಾ. ದೀಪಾವಳಿ ಆದ ಮ್ಯಾಲ ಹೊಂಟಾಕಿ ನಾ. ಬಿಚ್ಚಿ ಹರವೂದ್ಯಾಕ, ಮತ್ತ ಕಟ್ಟೂದ್ಯಾಕ?"

ಅಕ್ಕ ಇದನ್ನು ನಗುನಗುತ್ತಲೇ ಹೇಳಿದಳು. ಪಕ್ಕದ ಕೋಣೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದ ನನಗೆ ಮಾತ್ರ ಆ ದಿನದ ಅಂಕಗಳೆಲ್ಲ ಏರುಪೇರಾದವು. ಅವಳಿಗೊಂದು ಕಪಾಟು ಬೇಕೆಂದು ಅಂದೇ ನಿಶ್ಚಯಿಸಿದೆ. ಆ ಕೋಣೆಯಲ್ಲಿ ಬಾಗಿಲಿಗೂ ಕಿಟಕಿಗೂ ನಡುವೆ ಉಳಿದಿದ್ದ ಗೋಡೆ ಕಿರಿದು. ಅಗಲಕ್ಕೆ ಹೋಗುವ ಹಾಗಿರಲಿಲ್ಲ, ಎತ್ತರಕ್ಕೇ ಹೋಗಬೇಕು. ಅಕ್ಕನಿಗಾಗಿ ಅಕ್ಕಪಕ್ಕ ನಿಲ್ಲುವ, ಛಾವಣಿ ಮುಟ್ಟುವ ಎರಡು ಕಪಾಟುಗಳ ಚಿತ್ರವನ್ನು ಗ್ರಾಫ್ ಹಾಳೆಯ ಮೇಲೆ ಬರೆದೆ. ಪರಿಚಯದ ಬಡಿಗರು ಮದುವೆ ಮನೆಗಳ ಕೆಲಸ ಹಿಡಿದು ಕೊಣ್ಣೂರು ಸೇರಿದ್ದರು. ಆಗ ಮೊಬೈಲಿನಲ್ಲಿ ಯಾವನೋ ಪುಣ್ಯಾತ್ಮ ಹಾಡು ಗುನುಗುತ್ತ, ಬೆವರೂ ಸುರಿಸದೆ, ಚಹಾ ಆರುವುದರೊಳಗೆ ಕಪಾಟು ಕಟ್ಟಿ ನಿಲ್ಲಿಸುವುದನ್ನು ಕಂಡೆ. ಹೈಸ್ಕೂಲಿನಲ್ಲಿ ಗಣಿತ ಕಲಿಸುವವನಿಗೆ ಇದೇನು ಮಹಾ, ಎಂಬ ದುರ್ಬುದ್ಧಿ ಹುಟ್ಟಿದ್ದು ಹೀಗೆ.

ಪೇಟೆಯ ಅಂಗಡಿಯಲ್ಲಿ ಮೆಲಮೈನ್ ಹೊದಿಸಿದ ಹಲಗೆಗಳನ್ನು ಅಳತೆಗೆ ಸರಿಯಾಗಿ ಯಂತ್ರದಲ್ಲಿ ಕೊಯ್ದು, ಅಂಚಿಗೆ ಪಟ್ಟಿ ಅಂಟಿಸಿ ಕೊಟ್ಟರು. ಬಣ್ಣ ಹಚ್ಚಬೇಕಾಗಿಲ್ಲ, ಒರೆಸಿದರೆ ಹೊಳೆಯುತ್ತದೆ, ನೀರೊಂದು ತಾಗಬಾರದು. ಭಾನುವಾರ ಬೆಳಗ್ಗೆ ಅಕ್ಕನ ಮಂಚವನ್ನು ಹೊರಗೆ ಹಾಕಿ ನೆಲದ ಮೇಲೆ ಹಲಗೆ ಹರಡಿಕೊಂಡು ಕೂತೆವು. ನಾನು ಸ್ಕ್ರೂ ತಿರುಗಿಸುವುದು, ಸುನಂದಾ ಹಲಗೆ ಒತ್ತಿ ಹಿಡಿಯುವುದು, ಅಕ್ಕ ದೂರದಿಂದ "ಸಾವಕಾಶ ಮಾಡ್ರಿ" ಎನ್ನುವುದು. ಮೊದಲ ಸಲ ತಳದ ಹಲಗೆಯನ್ನು ತಿರುವುಮುರುವಾಗಿ ಕೂಡಿಸಿ, ಪಟ್ಟಿ ಅಂಟಿಸಿದ ಅಂಚನ್ನು ಗೋಡೆಯ ಕಡೆಗೂ ಬೋಳು ಅಂಚನ್ನು ಲೋಕದ ಕಡೆಗೂ ತೋರಿಸಿದ್ದನ್ನು ಬಿಟ್ಟರೆ ಕೆಲಸ ಸುಸೂತ್ರವಾಗಿಯೇ ಸಾಗಿತು. ಮಧ್ಯಾಹ್ನದ ಹೊತ್ತಿಗೆ ಮೊದಲ ಕಪಾಟು, ಸ್ನಾನ ಮುಗಿಸಿದ ಪೈಲ್ವಾನನಂತೆ ಹೊಳೆಯುತ್ತ, ನೆಲದ ಮೇಲೆ ಅಂಗಾತ ಮಲಗಿತ್ತು.

ಇನ್ನು ಎಬ್ಬಿಸಿ ನಿಲ್ಲಿಸುವುದಷ್ಟೇ ಬಾಕಿ. ಮೂವರೂ ಕೈಕೊಟ್ಟು ಎತ್ತಿದೆವು. ಕಪಾಟು ಅರ್ಧ ಎದ್ದಿತು, ಮುಕ್ಕಾಲು ಎದ್ದಿತು, ಮೇಲಿನ ಮೂಲೆ ಛಾವಣಿಗೆ ತಾಗಿ ಅಲ್ಲೇ ಸಿಕ್ಕಿಬಿದ್ದಿತು. ಈಚೆ ಜಗ್ಗಿ ನೋಡಿದೆವು, ಆಚೆ ಸರಿಸಿ ನೋಡಿದೆವು. ಛಾವಣಿಯ ಸುಣ್ಣ ನಮ್ಮ ತಲೆಯ ಮೇಲೆ ಉದುರಿತೇ ಹೊರತು ಕಪಾಟು ಕದಲಲಿಲ್ಲ. ನಿಂತ ಕಪಾಟಿನ ಎತ್ತರ ಛಾವಣಿಗಿಂತ ಬೆರಳಷ್ಟು ಕಡಿಮೆ ಇರುವಂತೆ ಲೆಕ್ಕ ಹಾಕಿದ್ದ ನಾನು, ಏಳುವ ಕಪಾಟಿನ ಮೂಲೆಯಿಂದ ಮೂಲೆಗಿರುವ ಕರ್ಣ ಅದಕ್ಕಿಂತ ಉದ್ದವೆಂಬುದನ್ನು ಲೆಕ್ಕಕ್ಕೇ ತಂದುಕೊಂಡಿರಲಿಲ್ಲ.

"ಏನ್ರೀ," ಕಪಾಟಿನ ಭಾರ ಹೊತ್ತುಕೊಂಡೇ ಸುನಂದಾ ಕೇಳಿದಳು, "ಸಾಲ್ಯಾಗ ಹುಡುಗ್ರಿಗೆ ವರ್ಷಾ ವರ್ಷಾ ಕಲಿಸೂದು ಇದನ್ನ ಅಲ್ಲೇನು?"

ಕರ್ಣ ಮರೆತವನಿಗೆ ಈ ಮಾತು ಕರ್ಣಕಠೋರವಾಗಿ ಕೇಳಿಸಿದ್ದು ಸಹಜ. ಅಕ್ಕ ಮಾತ್ರ ಹಲಗೆಗೆ ಹಣೆ ಹಚ್ಚಿ, ಕಣ್ಣಲ್ಲಿ ನೀರು ಬರುವ ಹಾಗೆ ನಗತೊಡಗಿದಳು. ಬಂದು ಇಷ್ಟು ತಿಂಗಳಾದರೂ ಅವಳು ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಕೇಳಿರಲಿಲ್ಲ. ಆ ನಗೆಗಾಗಿ ಇನ್ನೊಂದು ಲೆಕ್ಕ ತಪ್ಪಲೂ ನಾನು ತಯಾರಿದ್ದೆ.

ಕಪಾಟನ್ನು ಮತ್ತೆ ಮಲಗಿಸಿ, ಬಿಚ್ಚಿ, ಈ ಸಲ ಹಲಗೆಗಳನ್ನು ನಿಲ್ಲಿಸಿಕೊಂಡೇ ಒಂದೊಂದಾಗಿ ಜೋಡಿಸಿದೆವು. ಮುಂದಿನ ಭಾನುವಾರ ಎರಡನೆಯದೂ ಅದರ ಪಕ್ಕ ನಿಂತಿತು. ಇಷ್ಟು ಎತ್ತರದ ಕಪಾಟು ಬಾಗಿಲು ಎಳೆದಾಗ ಮುಂದಕ್ಕೆ ವಾಲಿ ಮೈಮೇಲೆ ಬೀಳದಂತೆ ಅದನ್ನು ಗೋಡೆಗೆ ಬಿಗಿಯಬೇಕು. ನಾನು ಸ್ಟೂಲು ಹತ್ತಿ, ಪೆನ್ಸಿಲಿನಿಂದ ಗುರುತು ಹಾಕಿ, ಡ್ರಿಲ್ ಮಷೀನು ಎತ್ತಿದ್ದೇ ತಡ, ಹಿಂದಿನ ವಾರ ಕಪಾಟು ಎತ್ತುವಾಗ ಉಳುಕಿದ್ದ ಭುಜ ಅಸಹಕಾರ ಸಾರಿತು.

"ಇಳಿ ತಮ್ಮಾ, ನಾ ಏರ್ತೇನಿ. ನೀ ಸ್ಟೂಲ್ ಹಿಡಿ" ಎಂದು ಅಕ್ಕ ಸೆರಗು ಸಿಕ್ಕಿಸಿಕೊಂಡಳು.

ಮೇಲೆ ನಿಂತು ಮಷೀನಿನ ಮೊನೆಯನ್ನು ಗುರುತಿನ ಮೇಲಿಟ್ಟವಳು ಹಾಗೇ ನಿಂತುಬಿಟ್ಟಳು. ಎಷ್ಟೋ ಕೂಸುಗಳಿಗೆ ಅಳುಕದೆ ಸೂಜಿ ಚುಚ್ಚಿದ ಕೈ ಅದು. ಭಾರವಾಯಿತೇನೋ ಎಂದು ನಾನು ಕೇಳುವಷ್ಟರಲ್ಲಿ ಅವಳೇ ಸಣ್ಣ ದನಿಯಲ್ಲಿ ಕೇಳಿದಳು: "ಗ್ವಾಡಿಗೆ ತೂತ ಹೊಡದ್ರ ಮನಿ ಮಾಲಕ್ರು ಏನೂ ಅನ್ನೂದಿಲ್ಲಲಾ?"

ಮನೆ ನಮ್ಮ ಸ್ವಂತದ್ದು. ತನ್ನ ಒಂದೇ ಒಂದು ಪಟವನ್ನೂ ಯಾವ ಗೋಡೆಗೂ ತೂಗುಹಾಕದೆ, ಮೊಳೆ ಹೊಡೆಯಬೇಡಿರೆನ್ನುವ ಮಾಲೀಕರ ಮಾತನ್ನು ಊರಿಂದೂರಿಗೆ ಹೊತ್ತು ತಿರುಗಿದವಳು ಅವಳು. ಹಾಗೆ ಕೇಳಿದ್ದು ಅವಳ ಬುದ್ಧಿಯಲ್ಲ, ರೂಢಿ. ಅಷ್ಟರಲ್ಲಿ ಅವಳೂ ಅದನ್ನು ಅರಿತು ನಾಚಿಕೊಂಡಳು.

ಸುನಂದಾ ಕೆಳಗಿನಿಂದ, ಏನೂ ಆಗಿಲ್ಲವೆಂಬಂತೆ, "ಮಾಲಕ್ರು ನೀವ ಅಲ್ರಿ ಅಕ್ಕಾರ? ಹೊಡೀರಿ" ಎಂದಳು.

ಮಷೀನು ಗುಡುಗಿತು. ಇಟ್ಟಿಗೆಯ ಕೆಂಪು ಹುಡಿ ಅಕ್ಕನ ನೆರೆತ ಕೂದಲ ಮೇಲೆ, ನನ್ನ ಕನ್ನಡಕದ ಮೇಲೆ ಸುರಿಯಿತು. ತೂತಿಗೆ ಸ್ಕ್ರೂ ಕಚ್ಚಿಕೊಳ್ಳುವ ಪ್ಲಾಸ್ಟಿಕ್ ಗಿಟ್ಟಿ ಬಡಿದು, ಅದಕ್ಕೆ ಸ್ಕ್ರೂ ಬಿಗಿದು, ಕಪಾಟನ್ನು ಎರಡೂ ಕೈಯಿಂದ ಜಗ್ಗಿ ಪರೀಕ್ಷಿಸಿ, "ಇನ್ನ ಇದು ಅಳ್ಳಾಡೂದಿಲ್ಲ" ಎಂದು ಕೆಳಗಿಳಿದಳು. ಉಳಿದ ತೂತುಗಳನ್ನೂ ಅವಳೇ ಹೊಡೆದಳು. ಒಂದೆರಡು ಹೆಚ್ಚಿಗೇ ಹೊಡೆದಳೆಂದು ನನ್ನ ಅನುಮಾನ.

ಮರುದಿನ ನಾನು ಶಾಲೆಯಿಂದ ಬಂದಾಗ ಟ್ರಂಕುಗಳು ಬಾಯಿ ತೆರೆದು ಖಾಲಿ ಕೂತಿದ್ದವು. ಒಂದು ಖಾನೆಯ ತುಂಬ ಹೊಲಿಸದ ಕುಬಸದ ಖಣಗಳು, ರವಿಕೆಯ ಬಟ್ಟೆಗಳು: ಹಸಿರು, ಕುಂಕುಮ, ನೇರಳೆ. ಹೆರಿಗೆಯಾದ ಮನೆಗಳಲ್ಲಿ ಉಡಿ ತುಂಬಿ ಕೊಟ್ಟಂಥವು. ಅಕ್ಕ ಒಂದೊಂದನ್ನೇ ಮುಟ್ಟಿ, "ಇದು ಕುಲಗೋಡದ ಕುರುಬರ ಮನೀದು, ಅವಳಿ ಹುಟ್ಟಿದ್ವು. ಇದು ಮಮದಾಪುರದ್ದು, ಆಕಿ ಭಾಳ ಹೆದರಿದ್ದಳು" ಎಂದು ಸುನಂದಾಳಿಗೆ ಹೇಳುತ್ತಿದ್ದಳು. ಇಷ್ಟು ವರ್ಷ ಕತ್ತಲಲ್ಲಿ ಮಡಿಕೆಯಾಗಿದ್ದ ಬಣ್ಣಗಳನ್ನು ಬಿಳಿಯ ಹಲಗೆಯ ಮೇಲೆ ಕಂಡು ನಾನು ಚಪ್ಪಲಿ ಕಳಚುವುದನ್ನೂ ಮರೆತು ನಿಂತೆ.

ದೀಪಾವಳಿ ಮುಗಿಯಿತು. ಭರತ ಮಾತು ತಪ್ಪುವವನಲ್ಲ. ಸಾಮಾನು ಹೇರಲೆಂದು ಸಣ್ಣ ಟೆಂಪೊ ಮಾಡಿಕೊಂಡೇ ಬಂದ. ಮಂಚದ ಕೆಳಗೆ ಇಣುಕಿ, "ಅಕ್ಕಾ, ಟ್ರಂಕ್ ಎಲ್ಲೆದಾವ?" ಎಂದ.

"ಅಟ್ಟದ ಮ್ಯಾಲ ಅದಾವ. ಖಾಲಿ."

ಭರತ ನನ್ನ ಮುಖ ನೋಡಿದ. ನಾನು ಕಪಾಟಿನ ಬಾಗಿಲು ತಿರುಗುವ ಬಿಜಾಗರಿಯನ್ನು ವಿಶೇಷ ಆಸ್ಥೆಯಿಂದ ನೋಡತೊಡಗಿದೆ.

"ಹಂಗಾರ ನೀ ನಮ್ಮ ಮನಿಗೆ ಬರೂದಿಲ್ಲೇನು?" ಅವನ ದನಿಯಲ್ಲಿ ಬೇಸರವಿತ್ತು. ಅಕ್ಕನಿಗಾಗಿ ಅವನೂ ಕೋಣೆಗೆ ಸುಣ್ಣ ಬಳಿಸಿದ್ದ.

ಅಕ್ಕ ಅವನ ಭುಜದ ಮೇಲೆ ಕೈಯಿಟ್ಟಳು. "ಯಾಕ ಬರೂದಿಲ್ಲೋ? ತಮ್ಮನ ಮನಿ ಅದು. ಆದ್ರ ಬ್ಯಾಗ್ ತಗೊಂಡ ಬರ್ತೇನಿ, ಟ್ರಂಕ್ ತಗೊಂಡ ಅಲ್ಲ. ನೀವಿಬ್ರೂ ನನ್ನ ಒಂದ ಮಾತ ಕೇಳಿದ್ರ ಆವಾಗ ಹೇಳ್ತಿದ್ದೆ."

ತಮ್ಮಂದಿರಿಬ್ಬರೂ ಒಟ್ಟಿಗೆ ನೆಲ ನೋಡಿದೆವು. ಕೊನೆಗೆ ಭರತನೇ, "ಇನ್ನಮ್ಯಾಲ ಕೇಳ್ತೇವಿ ಬಿಡವಾ" ಎಂದು ನಕ್ಕು ಅವಳ ಕೈಚೀಲ ಎತ್ತಿಕೊಂಡ.

ಖಾಲಿ ಟೆಂಪೊದ ಮುಂದಿನ ಸೀಟಿನಲ್ಲಿ ಅಕ್ಕ ಮಹಾರಾಣಿಯಂತೆ ಕೂತಳು. ಗಾಡಿ ಹೊರಡುವಾಗ ಕಿಟಕಿಯಿಂದ ತಲೆ ಹೊರಗೆ ಹಾಕಿ, ಓಣಿಗೆಲ್ಲ ಕೇಳುವಂತೆ ಕೂಗಿದಳು: "ಸುನಂದಾ, ಎಂಟ ದಿನಕ್ಕ ಬರ್ತೇನಿ ನೋಡ. ನನ್ನ ಕಪಾಟಿನ್ಯಾಗ ನಿನ್ನ ಕೌದಿ ತುಂಬಬ್ಯಾಡ ಮತ್ತ!"

ಸುನಂದಾ ಕೈ ಬೀಸಿದಳು. ಗಾಡಿ ತಿರುವು ದಾಟಿದ ಮೇಲೆ ನನ್ನ ಕಡೆ ತಿರುಗಿ, "ಸ್ಟೂಲ್ ತರ್ರಿ" ಎಂದಳು, "ಕೌದಿ ಆಗಲೇ ಮ್ಯಾಲಿನ ಖಾನ್ಯಾಗ ಇಟ್ಟೇನಿ. ಎಲ್ಲಾ ತಗೀಬೇಕು."