ಒಂದು ಕರಿ, ಒಂದು ಕಂದು

ಡಾಕ್ಟರ ಬಲಗೈ ಹೆಬ್ಬೆರಳು ಅಂಗೈಯ ಕಡೆಗೆ ಬಾಗಿತ್ತು. ಎಂದೋ ಕರ್ಜಗಿಯ ಎಮ್ಮೆಯೊಂದು ಒದ್ದ ಗುರುತು ಅದು. ಪಶುವೈದ್ಯರಾಗಿದ್ದ ಅವರು ನಿವೃತ್ತರಾದಮೇಲೆ ರಾಣೇಬೆನ್ನೂರಿನ ನಮ್ಮ ಹಿಂದಿನ ಓಣಿಯಲ್ಲಿ ಒಬ್ಬರೇ ಇದ್ದರು. ಆ ಬಾಗಿದ ಹೆಬ್ಬೆರಳಿನಿಂದ ಶೂಗಳ ಅಟ್ಟೆಯನ್ನು ಒತ್ತಿ ಒತ್ತಿ ನೋಡುತ್ತಿದ್ದರು, ಎತ್ತಿನ ಗೊರಸು ನೋಡಿದ ಹಾಗೆ. ಶೂ ನನ್ನ ಕಾಲಿನಲ್ಲಿದ್ದರೂ ಅಷ್ಟೇ. ಮೊಣಕಾಲ ಹಿಂದೆ ಮೆಲ್ಲಗೆ ತಟ್ಟಿ "ಎತ್ರಿ" ಅನ್ನುವರು. ನಾನು ಎತ್ತುತ್ತಿದ್ದೆ. ಅವರ ಮಾತಿಗೆ ಅಷ್ಟೊಂದು ದನಗಳು ಕಾಲೆತ್ತಿರುವಾಗ ನನ್ನದೇನು ಹೆಚ್ಚು.

ನಾನು ವಿಮೆಯ ಏಜೆಂಟ. ಹಾವೇರಿ, ಬ್ಯಾಡಗಿ ಎಂದು ತಿರುಗಿ ಜನರಿಗೆ ಸಾವಿನ ಹೆದರಿಕೆ ಹುಟ್ಟಿಸುವುದು ನನ್ನ ಉದ್ಯೋಗ. ಸಂಜೆ ಮನೆಗೆ ಬಂದಮೇಲೆ, ಹಂಚಿ ಉಳಿದ ಹೆದರಿಕೆಯನ್ನು ನಾನೇ ಅನುಭವಿಸುತ್ತೇನೆ. ಮದುವೆಯಾದರೆ ಹೇಗೋ ಏನೋ ಎಂದು ಯೋಚಿಸುತ್ತಿರುವಾಗಲೇ ವಯಸ್ಸು ಮೀರಿತು. ಬಿ.ಪಿ.ಗೆ ಒಳ್ಳೆಯದೆಂದು ದಪ್ಪ ಗಾಲಿಯ ಮೌಂಟನ್ ಬೈಕ್ ಕೊಂಡೆ. ಬಿದ್ದರೆ ನೋಡುವವರಾರು ಎಂದು ಅದನ್ನು ಬಚ್ಚಲ ಗೋಡೆಗೆ ಆನಿಸಿಟ್ಟೆ. ಒಂದು ದಿನ ಡಾಕ್ಟರು ಕಂಪೌಂಡಿನ ಮೇಲಿಂದ ಇಣುಕಿ ನೋಡಿದರು.

"ಏಜೆಂಟ್ರ, ಕಟ್ಟಿದಲ್ಲೇ ಕಟ್ಟಿದ್ರ ದನಾನೂ ಕುಂಟ ಬೀಳತಾವ. ಬಿಚ್ರಿ ಅದನ್ನ."

"ನನಗ ಇಳಿಜಾರಂದ್ರ ಹೆದರಿಕಿರಿ."

"ಇಳಿಜಾರಿಗೇನ್ ನಿಮ್ಮ ಹೆದರಿಕಿ ಇಲ್ಲಲ್ಲ. ನಡೀರಿ."

ಅವರದೂ ಅಂಥದೇ ಒಂದು ಸೈಕಲ್ಲಿತ್ತು; ಅಂದಿನಿಂದ ನನ್ನ ರವಿವಾರಗಳು ಅವರ ಜೊತೆಗಾದವು. ದೇವರಗುಡ್ಡದ ಆಚೆ, ದನ ತುಳಿದು ಮಾಡಿದ ಕಲ್ಲುದಾರಿಯೊಂದಿದೆ. ಅದರ ಬುಡದಲ್ಲಿ ಒಂದು ಬೇವಿನ ಮರ. ನಮ್ಮ ಪರೀಕ್ಷೆಯೆಲ್ಲ ಅಲ್ಲೇ.

ಪರೀಕ್ಷೆ ಶೂಗಳದು. ಡಾಕ್ಟರ ತಂಗಿಯ ಮಗನದು ಬೆಳಗಾವಿಯಲ್ಲಿ ಶೂ ತಯಾರಿಸುವ ಸಣ್ಣ ಕಾರ್ಖಾನೆ. ಈ ಸೈಕಲ್ಲುಗಳ ಚಪ್ಪಟೆ ಪೆಡಲಿನ ಮೇಲೆ ಮೊಳೆಯಂಥ ಸಣ್ಣ ಮುಳ್ಳುಗಳಿರುತ್ತವೆ. ಶೂವಿನ ಅಟ್ಟೆ ಆ ಮುಳ್ಳುಗಳನ್ನು ಕಚ್ಚಿ ಹಿಡಿಯಬೇಕು, ಬೇಕೆಂದಾಗ ಬಿಡಲೂ ಬೇಕು. ಹಿಡಿಯದಿದ್ದರೆ ಕಾಲು ಜಾರಿ ಮುಳ್ಳು ಮೊಣಕಾಲ ಕೆಳಗಿನ ಎಲುಬಿಗೆ ಬಡಿಯುತ್ತದೆ. ನನಗೆ ಬಡಿದಾಗ ಡಾಕ್ಟರು ದನಕ್ಕೆ ಹಚ್ಚುವ ಮುಲಾಮನ್ನೇ ಹಚ್ಚಿದರು. ಅದರಿಂದ ಏನಾದೀತೋ ಎಂದು ವಾರವಿಡೀ ನಿದ್ದೆಗೆಟ್ಟೆ.

ಹೊಸ ಮಾದರಿಗಳು ಬಂದಾಗ ಡಾಕ್ಟರದೊಂದು ಪದ್ಧತಿ. ಒಂದು ಜೊತೆಯನ್ನು ಒಬ್ಬನೇ ಹಾಕಿಕೊಂಡು ನೋಡಬಾರದು. ನನ್ನ ಎಡಗಾಲಿಗೆ ಒಂದು ಜೊತೆಯದು, ಬಲಗಾಲಿಗೆ ಇನ್ನೊಂದರದು, ಉಳಿದವು ಅವರಿಗೆ. ವಾರವಿಡೀ ಹಾಗೆಯೇ ಪೇಟೆಯಲ್ಲೂ ತಿರುಗಬೇಕು, ಮುಂದಿನ ರವಿವಾರ ಅದಲುಬದಲು. "ಒಂದ ದಾರಿ, ಒಂದ ಮೈಭಾರ. ಯಾವ ಕಾಲ ಸುಖದಾಗೈತಿ ಅಂತ ಕಾಲ ಹೇಳ್ತಾವ" ಎನ್ನುತ್ತಿದ್ದರು. ನಮ್ಮಿಬ್ಬರ ಕಾಲಿನ ಅಳತೆ ಒಂದೇ ಆಗಿದ್ದರಿಂದ ಇದು ಸಾಧ್ಯವಾಗಿತ್ತು. ನನ್ನ ಚಿಂತೆಯೂ ಅಲ್ಲಿಂದಲೇ ಶುರುವಾಯಿತು: ಇವರಿಗೆ ಬೇಕಾದದ್ದು ನಾನೋ, ನನ್ನ ಎಂಟು ನಂಬರಿನ ಕಾಲೋ? ಕೇಳಲು ಧೈರ್ಯವಿರಲಿಲ್ಲ. ಕಾಲು ಅಂದುಬಿಟ್ಟರೆ?

ಇಳಿಯುವಾಗ ಅವರೇ ಮುಂದೆ. ಅರವತ್ತು ದಾಟಿದವರು ಹಿಮ್ಮಡಿ ಇಳಿಬಿಟ್ಟು, ಪೆಡಲಿನ ಮೇಲೆ ನಿಂತೇ, ಕಲ್ಲುಗಳ ಮೇಲೆ ದಡದಡ ಇಳಿದುಹೋಗುತ್ತಿದ್ದರು. ಬೇವಿನ ಬುಡದಲ್ಲಿ ಕೂತು ಶೂ ಬಿಚ್ಚಿ ಕಾಲಬೆರಳುಗಳನ್ನು ತಿಕ್ಕಿಕೊಳ್ಳುವರು. ಆಮೇಲೆ ಎದ್ದು, ನನ್ನ ಕಡೆ ಬೆನ್ನು ತಿರುಗಿಸಿ ನಿಂತು "ಬರ್ರಿ" ಎಂದು ಕೂಗುವರು. ನಾನು ನಡುದಾರಿಯ ದೊಡ್ಡ ಬಂಡೆಯವರೆಗೆ ಬಂದು, ಪ್ರತಿ ಸಲ, ಎಡಗಾಲು ತೆಗೆದು ನೆಲಕ್ಕೆ ಊರುತ್ತಿದ್ದೆ. ಕಲ್ಲುಹರಳಿನ ಮೇಲೆ ಶೂ ಕರ್ರೆನ್ನುವುದು ಅವರಿಗೆ ಕೇಳಿಸುತ್ತಿತ್ತು.

"ತಗದ್ರಲ್ಲ ಕಾಲ?"

"ಸ್ವಲ್ಪ ತಗದೆರಿ."

"ಕಾಲ ತಗದ್ರ ಬೀಳ್ತೀರಿ, ಇಟ್ರ ಇಳೀತೀರಿ. ಇಷ್ಟ ಐತಿ ನೋಡ್ರಿ."

ಒಮ್ಮೆ ಕೇಳಿದೆ: "ಅದ್ಯಾಕ್ರಿ ಬೆನ್ನ ತಿರಗಿಸಿ ನಿಲ್ತೀರಿ?"

"ಎಮ್ಮಿ ಈಯೋವಾಗ ಎದರಿಗೆ ನಿಂತು ದಿಟ್ಟಿಸಬಾರದ್ರಿ. ನಾಚಿ ಹಿಡಕೊಂಡು ನಿಂತಬಿಡತೈತಿ."

ಕೊನೆಯ ಸಲ ಬಂದ ಮಾದರಿಗಳಲ್ಲಿ ಒಂದು ಜೊತೆ ಕರಿ, ಒಂದು ಕಂದು. ನನ್ನ ಎಡಗಾಲಿಗೆ ಕರಿ, ಬಲಗಾಲಿಗೆ ಕಂದು. ಆ ವಾರ ಅವನ್ನೇ ಮೆಟ್ಟಿಕೊಂಡು ಬ್ಯಾಡಗಿಗೆ ಹೋದೆ. ಮೆಣಸಿನಕಾಯಿ ಘಾಟಿಗೆ ಸೀನುತ್ತ ನಿಂತಾಗ, ನನ್ನ ಹಳೆಯ ಗಿರಾಕಿ, ದಲಾಲಿ ಅಂಗಡಿಯ ಸಾಹುಕಾರರು ಕಾಲ ಕಡೆ ನೋಡಿದರು.

"ಏನ್ರಿ ಇದು? ಮನ್ಯಾಗ ಹೇಳಾವ್ರು ಇಲ್ಲಂದ್ರ ಹಿಂಗ ಆಗೂದ!"

ಅಂಗಡಿಯವರೆಲ್ಲ ನಕ್ಕರು. ನನಗೇನೂ ಅನಿಸಲಿಲ್ಲ. ಇಂಥದೇ ಬೇಜೋಡಿ ಶೂ ಹಾಕಿಕೊಂಡು ರಾಣೇಬೆನ್ನೂರಿನ ಸಂತೆಯಲ್ಲಿ ಇನ್ನೊಬ್ಬರು ಬದನೆಕಾಯಿ ಆರಿಸುತ್ತಿದ್ದಾರೆ ಎಂದು ನನಗೆ ಗೊತ್ತಿತ್ತು. ಜಗತ್ತಿನಲ್ಲಿ ನನ್ನ ಜೊತೆಯವರೊಬ್ಬರಿದ್ದಾರೆ ಎಂದು ಅಷ್ಟು ಖಾತ್ರಿಯಾಗಿ ಹಿಂದೆಂದೂ ಅನಿಸಿರಲಿಲ್ಲ.

ಮುಂದಿನ ರವಿವಾರ ಬರಲಿಲ್ಲ. ಶುಕ್ರವಾರ ಬೆಳಿಗ್ಗೆ ಹಾಲಿನವನು ಬಾಗಿಲು ಬಡಿದರೆ ಡಾಕ್ಟರು ಏಳಲಿಲ್ಲ. ನಿದ್ದೆಯಲ್ಲೇ ಹೋಗಿದ್ದರು. ಬಂಡೆ, ಬ್ರೇಕು, ಕಾಗಿನೆಲೆ ರಸ್ತೆಯ ನಾಯಿಗಳು, ಎಲ್ಲದರ ಚಿಂತೆಯನ್ನೂ ನಾನು ಮುಂಗಡವಾಗಿ ಮಾಡಿಟ್ಟಿದ್ದೆ. ಇದೊಂದನ್ನು ಮಾಡಿರಲಿಲ್ಲ.

ದಿನಕರ್ಮಗಳೆಲ್ಲ ಮುಗಿದಮೇಲೆ, ಹುಬ್ಬಳ್ಳಿಯಿಂದ ಬಂದಿದ್ದ ಅವರ ಮಗಳು ಕರೆದಳು.

"ಕಾಕಾ, ಅಪ್ಪಾಜಿ ಶೂ ಒಂದಕ್ಕೊಂದು ಕೂಡವಲ್ಲವು. ಇದರ ಜೊತಿ ಹುಡುಕಿ ಹುಡುಕಿ ಸಾಕಾತು. ನಿಮಗೇನರ ಗೊತ್ತೈತೇನ್ರಿ?"

"ನನ್ನ ಕಾಲಾಗ ಅದಾವವಾ" ಎಂದೆ.

ಅವಳು ನನ್ನ ಕಾಲು ನೋಡಿ ನಕ್ಕಳು, ಆಮೇಲೆ ಕಣ್ಣೊರೆಸಿಕೊಂಡಳು. ತಂದೆಯ ಶೂ ಎತ್ತಿ ಅಟ್ಟೆಯ ಮೇಲಿನ ನಂಬರು ನೋಡಿದಳು.

"ಇದೇನ್ ಎಂಟು ಐತಿ? ಅಪ್ಪಾಜಿದು ಒಂಬತ್ತರಿ. ಬಿಗಿ ಶೂ ಹಾಕ್ಕೊಂಡು ಉಗುರು ಕರ್ರಗ ಮಾಡ್ಕೊಂಡಿದ್ರು. ದೊಡ್ಡದು ತರಸ್ಕೋರಿ ಅಂದ್ರ, 'ಏಜೆಂಟ್ರ ಅಳತಿಗೆ ಆಗಬೇಕಲ್ಲವಾ, ಇಲ್ಲಂದ್ರ ಅವರು ಯಾಕ ಬರ್ತಾರ ನನ್ನ ಕೂಡ' ಅಂತಿದ್ರು."

ಮೊದಲು ತಲೆಗೆ ಬಂದದ್ದು ನನ್ನ ಸ್ವಭಾವಕ್ಕೆ ತಕ್ಕ ಯೋಚನೆಯೇ: ಹಾಗಾದರೆ ಇಷ್ಟು ದಿನದ ಪರೀಕ್ಷೆಯೆಲ್ಲ ಸುಳ್ಳಾಯಿತಲ್ಲ, ಬೆಳಗಾವಿಯ ಸೋದರಳಿಯನ ಗತಿ ಏನು? ಉಳಿದದ್ದು ಮನೆಗೆ ಬಂದು ಶೂ ಬಿಚ್ಚುವಾಗ ತಿಳಿಯಿತು. ಬೇವಿನ ಬುಡದಲ್ಲಿ ಅವರು ಬೆರಳು ತಿಕ್ಕಿಕೊಳ್ಳುತ್ತಿದ್ದುದು ಕಣ್ಣಮುಂದೆ ಬಂತು. ನಾನು ಬರಲಾರೆನೇನೋ ಎಂಬ ಚಿಂತೆ ಅವರಿಗೂ ಇತ್ತು. ಹಿಂದುಮುಂದಿನ ಓಣಿಯಲ್ಲಿ ಇಬ್ಬರೂ ಒಂದೇ ಚಿಂತೆ ಮಾಡುತ್ತ ಮಲಗುತ್ತಿದ್ದೆವು, ಒಬ್ಬರಿಗೊಬ್ಬರು ಹೇಳದೆ.

ಎರಡೂ ಜೊತೆ ಪೂರ್ತಿ ಮಾಡಿಕೊಳ್ಳಿ ಎಂದು ಅವಳು ಅವರ ಶೂಗಳನ್ನೂ ಕೊಟ್ಟಳು. ತಂದು ಜಗುಲಿಯ ಮೇಲಿಟ್ಟಿದ್ದೇನೆ. ಕೂಡಿಸಿಲ್ಲ.

ರವಿವಾರ ಒಬ್ಬನೇ ಗುಡ್ಡಕ್ಕೆ ಹೋದೆ, ಎಡಕ್ಕೆ ಕರಿ, ಬಲಕ್ಕೆ ಕಂದು. ಮೇಲೆ ಬಹಳ ಹೊತ್ತು ನಿಂತೆ. ಕೆಳಗಿನಿಂದ ಯಾರೂ ಕರೆಯಲಿಲ್ಲ. ಕೊನೆಗೆ ನಾನೇ "ಬರ್ರಿ" ಅಂದುಕೊಂಡು ಬ್ರೇಕು ಬಿಟ್ಟೆ. ಬಂಡೆ ಬಂತು, ಹೋಯಿತು. ಪೆಡಲನ್ನು ಕಚ್ಚಿ ಹಿಡಿದದ್ದು ಕರಿಯೋ ಕಂದೋ ನೋಡಲಾಗಲಿಲ್ಲ; ಕಾಲು ಮಾತ್ರ ತೆಗೆಯಲಿಲ್ಲ. ಕೆಳಗೆ ಬಂದು ಬ್ರೇಕು ಹಿಡಿದು, ಇದನ್ನು ಹೇಳಬೇಕೆಂದು ಸುತ್ತ ನೋಡಿದೆ. ಬೇವಿನ ನೆರಳಿನಲ್ಲಿ ಯಾರದೋ ಎಮ್ಮೆಯೊಂದು ಆಚೆ ಮುಖ ಮಾಡಿ ಮಲಗಿತ್ತು.

"ತಗೀಲಿಲ್ರಿ" ಎಂದೆ.

ಅದು ತಿರುಗಿ ನೋಡಲಿಲ್ಲ. ಸರಿಯೇ, ನೋಡಬಾರದು.