ಮೇಸ್ತ್ರಿಯ ಮಂಡಿಗೆ ಹೊಸ ನೆಲಹಾಸು

ಊರಿನ ಅರ್ಧ ಮನೆಗಳಿಗೆ ಟೈಲು ಹಾಕಿದ ಮೇಸ್ತ್ರಿಯ ಸ್ವಂತ ಅಡುಗೆಮನೆಯಲ್ಲಿ ಮಾತ್ರ, ಬಾಗಿಲ ಬುಡದ ಎರಡು ಸಾಲು ಬಾಕಿ ಉಳಿದಿದ್ದವು. ಅಲ್ಲಿಗೆ ಬರುವ ಹೊತ್ತಿಗೇ ಬಲ ಮಂಡಿ ಕೈಕೊಟ್ಟಿತ್ತು. ಭಾವಮೈದುನನೂ ಟೈಲು ಕೆಲಸದವನೇ. ಆದರೆ "ಅವನು ಹಾಕಿದ ನೆಲದ ಮೇಲೆ ಲಿಂಬೆಹಣ್ಣು ಇಟ್ರೆ ಉರುಳ್ಕೊಂಡು ಬೀದಿಗೆ ಹೋಗತ್ತೆ" ಎಂದು ಮೇಸ್ತ್ರಿ ಅವನನ್ನು ಹತ್ತಿರ ಸೇರಿಸಲಿಲ್ಲ. ಪಾಪ, ಹೆಂಡತಿ ಬಿಸಿ ಪಾತ್ರೆ ಹಿಡಿದುಕೊಂಡು ಆ ಹಳ್ಳ ಹಾರುತ್ತಲೇ ಇದ್ದರು.

ಡಾಕ್ಟರು ವಿವರಿಸಿದರು. "ಮಂಡಿಯೊಳಗೆ ಮೂಳೆ ಮೇಲಿರೋ ನುಣುಪು ಪದರ, ಕಾರ್ಟಿಲೇಜ್, ಒಂದು ಕಡೆ ಸವೆದು ಗುಂಡಿ ಬಿದ್ದಿದೆ. ಹಂದಿಯಿಂದ ತೆಗೆದ ಕೊಲಾಜನ್ ಅನ್ನೋ ಪ್ರೋಟೀನಿನ ತೆಳು ಹಾಳೆ ಅಲ್ಲಿ ಕೂರಿಸ್ತೀವಿ. ಅದನ್ನ ಹಿಡ್ಕೊಂಡು ನಿಮ್ಮದೇ ಜೀವಕೋಶ ಬೆಳೆದು ಗುಂಡಿ ತುಂಬತ್ತೆ."

ಮೇಸ್ತ್ರಿಯ ಮುಖ ಅರಳಿತು. "ಟೈಲು ಹಾಕ್ತೀನಿ ಅನ್ನಿ ಡಾಕ್ಟ್ರೇ! ಕೆಳಗಡೆ ಚೆನ್ನಾಗಿ ಕೆರೆದು ಹಾಕಿ, ಇಲ್ದಿದ್ರೆ ಎದ್ದು ಬರತ್ತೆ."

ಡಾಕ್ಟರು ಕೆರೆದೇ ಹಾಕಿದರು. ಮನೆಗೆ ಬಂದ ದಿನವೇ ಮೇಸ್ತ್ರಿ ಕ್ಯೂರಿಂಗ್ ಮಾಡಲು ಹೊರಟರು. ಒದ್ದೆ ಗೋಣಿಚೀಲ ಮಂಡಿಗೆ ಸುತ್ತಬೇಕು ಎನ್ನುವಷ್ಟರಲ್ಲಿ ಹೆಂಡತಿ ಕಿತ್ತುಕೊಂಡರು.

"ಹೊಲಿಗೆ ಒದ್ದೆ ಮಾಡ್ಬೇಡಿ ಅಂದಿಲ್ವೇನ್ರೀ? ನಿಮ್ಮ ಬುದ್ಧಿಗಿಷ್ಟು!"

"ನೀರು ಕಾಣದೆ ಯಾವ ನೆಲ ಗಟ್ಟಿಯಾಗತ್ತೇ?"

ನೀರು ಕಾಣದೆಯೇ ಗಟ್ಟಿಯಾಯಿತು. ತಿಂಗಳುಗಟ್ಟಲೆ ವ್ಯಾಯಾಮ ಮಾಡಿಸಿ ಡಾಕ್ಟರು ಒಪ್ಪಿಗೆ ಕೊಟ್ಟರು. ದಿಂಬು ಹಾಕಿಕೊಂಡು ಸ್ವಲ್ಪ ಹೊತ್ತು ಮಂಡಿಯೂರಬಹುದು, ಆದರೆ ಹಾರುವಂತಿಲ್ಲ.

ಮೇಸ್ತ್ರಿ ಅಡುಗೆಮನೆಗೆ ಹೋಗಿ, ಬಾಗಿಲ ಕಡೆ ಮುಖ ಮಾಡಿ ನಿಂತರು. ಈ ಮಂಡಿ ಮತ್ತೆ ಕೈಕೊಟ್ಟರೆ ಗಾರೆ ಬಳಿಯುವ ಕರಣಿ ಭಾವಮೈದುನನ ಪಾಲಾದಂತೆಯೇ. ಉಸಿರು ಬಿಗಿಹಿಡಿದು ಮಂಡಿಯೂರಿದರು. ನೋಯಲಿಲ್ಲ. ಕಣ್ಣು ತುಂಬಿ ಬಂತು, ಸಿಮೆಂಟಿನ ಧೂಳು ಎಂದುಬಿಟ್ಟರು. ಬಾಗಿಲಿನಿಂದ ತಮ್ಮ ಕಡೆಗೆ ಎರಡೂ ಸಾಲು ಕೂರಿಸಿ, ಕರಣಿಯ ಹಿಡಿಯಿಂದ ಒಂದೊಂದೇ ಟೈಲು ತಟ್ಟಿ ಸದ್ದು ಕೇಳಿದರು. ಎಲ್ಲೂ ಟೊಳ್ಳಿಲ್ಲ. ಅದೇ ಗುಂಗಿನಲ್ಲಿ ಮಂಡಿಯನ್ನೂ ತಟ್ಟಿ ಕೇಳಿದರು. ಅಲ್ಲೂ ಟೊಳ್ಳಿಲ್ಲ.

"ನಾಳೆ ತನಕ ಒಬ್ರೂ ಇದರ ಮೇಲೆ ಕಾಲಿಡಬಾರ್ದು!" ಎಂದು ಗುಡುಗಿದರು.

ಬಾಗಿಲಾಚೆ ನಿಂತಿದ್ದ ಹೆಂಡತಿ ಸೊಂಟದ ಮೇಲೆ ಕೈಯಿಟ್ಟುಕೊಂಡರು. "ಆಗ್ಲಿ. ನೀವು ಹೊರಗೆ ಬರೋದು ಹೇಗೆ?"

ಮೇಸ್ತ್ರಿ ಹೊಸ ಟೈಲು ನೋಡಿದರು, ಮಂಡಿ ನೋಡಿದರು. ತುಳಿದರೆ ಅದು ಕೆಡುತ್ತದೆ, ಹಾರಿದರೆ ಇದು.

ಹೆಂಡತಿ ಕುರ್ಚಿ ಎಳೆದುಕೊಂಡು ಆರಾಮಾಗಿ ಕೂತರು. "ಇಷ್ಟು ದಿನ ನಾನು ಹಾರಿದ್ದಾಯ್ತು. ಒಲೆ ನಿಮ್ಮ ಪಕ್ಕದಲ್ಲೇ ಇದೆ, ಅಡುಗೆ ಶುರು ಮಾಡಿ. ನನ್ನ ತಮ್ಮನ್ನೂ ಊಟಕ್ಕೆ ಕರ್ದಿದ್ದೀನಿ. ಬರ್ತಾ ಒಂದು ಲಿಂಬೆಹಣ್ಣು ತರ್ತಾನಂತೆ."