ಎಣ್ಣೆ ಉಂಡ ಒರೆ

ಬ್ಯಾಂಕಿನಲ್ಲಿ ಎಲ್ಲರೂ ಅವಳನ್ನು ಗಾರ್ಡಮ್ಮ ಎನ್ನುತ್ತಿದ್ದರು. ಮನೆಯ ಬೀದಿಯಲ್ಲಿ ಅವಳು ಬೂಟಿನ ಮಾವನ ಸೊಸೆ. ಈ ಎರಡು ಬದುಕುಗಳ ನಡುವೆ ದಿನವೂ ಓಡಾಡುತ್ತಿದ್ದುದು ಅವಳ ಸೊಂಟದ ಬೆಲ್ಟೊಂದೇ. ಪಿಸ್ತೂಲು ಮನೆಗೆ ಬರುತ್ತಿರಲಿಲ್ಲ. ಸಂಜೆ ಅದನ್ನು ಕಾವಲು ಕಂಪನಿಯ ಆಯುಧದ ಕೋಣೆಗೆ ಒಪ್ಪಿಸಬೇಕಿತ್ತು. ಬೆಲ್ಟು ಮತ್ತು ಅದಕ್ಕೆ ಸಿಕ್ಕಿಸಿದ ಖಾಲಿ ಒರೆ ಮಾತ್ರ ಅವಳ ಜೊತೆ ಬಂದು ಬಾಗಿಲ ಹಿಂದಿನ ಮೊಳೆಗೆ ಜೋತು ಬೀಳುತ್ತಿದ್ದವು.

ಆ ಒರೆ ಮಾವನ ಕೈಯ ಕೆಲಸ. ಸೂಜಿಯ ಕಣ್ಣು ಕಾಣದಾಗುವವರೆಗೂ ಬೂಟು ಹೊಲಿದೇ ಸಂಸಾರ ಸಾಗಿಸಿದವರು ಅವರು. ಸೊಸೆಗೆ ಕೆಲಸ ಸಿಕ್ಕ ಹೊಸತರಲ್ಲಿ ಕಂಪನಿ ಕೊಟ್ಟ ಬಟ್ಟೆಯ ಒರೆಯನ್ನು ಬೆರಳ ತುದಿಯಲ್ಲಿ ಎತ್ತಿ ನೋಡಿ, "ಇದರಲ್ಲಿ ಬದನೆಕಾಯಿ ತರಬಹುದು" ಎಂದಿದ್ದರು. ಅವಳು ತರಬೇತಿಯ ರಬ್ಬರ್ ಪಿಸ್ತೂಲನ್ನು ಕೇಳಿ ತಂದುಕೊಟ್ಟಳು. ಮಾವ ಅದೇ ಅಳತೆಯ ಮರದ ಪಿಸ್ತೂಲೊಂದನ್ನು ಕೆತ್ತಿ, ಅದರ ಮೇಲೆ ನೆನೆಸಿದ ದಪ್ಪ ಚರ್ಮವನ್ನು ಒತ್ತಿ ಒಣಗಿಸಿ ಹೊಲಿದರು. ಮೇಲೊಂದು ಪಟ್ಟಿ, ಪಟ್ಟಿಗೊಂದು ಒತ್ತುಗುಂಡಿ. ಜೀವಮಾನದಲ್ಲಿ ಅವರು ಹೊಲಿದ ಒರೆ ಅದೊಂದೇ.

ರಜೆಯ ದಿನ ಅವಳು ಬಟ್ಟೆ ಒಗೆಯುವ ಹೊತ್ತಿಗೆ ಅವರು ಕಿಟಕಿಯ ಬಳಿ ಕೂತು ಒರೆಗೆ ಎಣ್ಣೆ ತಿಕ್ಕುತ್ತಿದ್ದರು. ಹೊಸ ಬೂಟು ಕಾಲು ಕಚ್ಚುತ್ತದೆ ಎಂದು ಬೈಸಿಕೊಂಡೇ ಬೆಳೆದವರಿಗೆ ಬಿರುಸಾದ ಚರ್ಮವೆಂದರೆ ಹಳೆಯ ವೈರಿ.

"ಚರ್ಮಕ್ಕೂ ಹೊಟ್ಟೆ ಇರ್ತದಮ್ಮ. ಆಗಾಗ ಉಣ್ಣಿಸ್ತಿರಬೇಕು," ಎನ್ನುತ್ತ ಮರದ ಪಿಸ್ತೂಲನ್ನು ಒಳಗಿಟ್ಟು ಎರಡೇ ಬೆರಳಲ್ಲಿ ಹೊರತೆಗೆಯುತ್ತಿದ್ದರು. "ನೋಡು. ಹೂ ಎತ್ತಿದ ಹಾಗೆ ಬರ್ತದೆ."

ಅವಳ ಕೆಲಸ ಹೆಚ್ಚಾಗಿ ನಿಲ್ಲುವುದು. ಬರುವವರ ಮುಖ ನೋಡಿಯೂ ನೋಡದಂತೆ, ಕೈಗಳನ್ನೇ ನೋಡುತ್ತ ನಿಲ್ಲುವುದು. ಜನ ಒತ್ತರಿಸಿ ಬಂದಾಗ ಮೊಣಕೈಯನ್ನು ಒರೆಯ ಮೇಲಿಡುತ್ತಿದ್ದಳು, ಮಲಗಿದ ಮಗುವಿನ ತಲೆಗೆ ಅಡ್ಡ ಹಿಡಿದಂತೆ. ಸಂಬಳದ ವಾರ ಒಬ್ಬ ಮುದುಕ ಮೆಟ್ಟಿಲು ತಪ್ಪಿ, ಬೀಳದಿರಲು ಅವಳ ಬೆಲ್ಟನ್ನೇ ಹಿಡಿದುಕೊಂಡ. ಅವನು ಸಾವರಿಸಿಕೊಂಡು ಹೋದಮೇಲೆ ನೋಡಿದರೆ ಒತ್ತುಗುಂಡಿ ಬಿಚ್ಚಿಕೊಂಡಿತ್ತು. ಅವಳು ಅದನ್ನು ಹೆಬ್ಬೆರಳಲ್ಲಿ ಒತ್ತಿ ಮುಚ್ಚಿದಳು. ಕ್ಯಾಷಿಯರ್ ನೋಟು ಕಟ್ಟುತ್ತಲೇ ಇದ್ದ.

ಅಷ್ಟರಲ್ಲಾಗಲೇ ಕಂಪನಿ ಎಲ್ಲರಿಗೂ ಹೊಸ ಒರೆ ಹಂಚಿತ್ತು. ಗಟ್ಟಿ ಪ್ಲಾಸ್ಟಿಕ್ಕಿನದು, ಒಳಗೊಂದು ಬೀಗ. ಪಿಸ್ತೂಲು ಇಳಿದೊಡನೆ ಟಕ್ಕೆಂದು ಕಚ್ಚಿಕೊಳ್ಳುತ್ತಿತ್ತು. ಒಳಬದಿಯ ಸಣ್ಣ ಲಿವರನ್ನು ಹೆಬ್ಬೆರಳಲ್ಲಿ ಒತ್ತದೆ ಬಿಡುತ್ತಿರಲಿಲ್ಲ. ತರಬೇತಿ ಕೊಡುವವರನ್ನು ಗಾರ್ಡುಗಳು ಮೇಷ್ಟ್ರು ಎನ್ನುತ್ತಿದ್ದರು, ಬೈಯುವ ರೀತಿಗೆ. ಅವರು ಹೇಳಿದ್ದು ಇಷ್ಟೇ: "ಬೇರೆಯವರು ಎಳೆದ್ರೆ ಬರಬಾರದು, ನೀವು ಎಳೆದ್ರೆ ಬರಬೇಕು. ಮಿಕ್ಕಿದ್ದೆಲ್ಲ ಶೋಕಿ."

ಅವಳ ಪಾಲಿನದು ಮಾತ್ರ ಹೊದಿಕೆಯನ್ನೂ ಬಿಚ್ಚದೆ ಅವಳ ಲಾಕರಿನಲ್ಲಿತ್ತು. ಹಳೆಯದಕ್ಕೇ ಕೈ ಒಗ್ಗಿದೆ, ಸ್ವಲ್ಪ ಸಮಯ ಬೇಕು ಎಂದು ಮೇಷ್ಟ್ರಿಗೆ ಹೇಳಿದ್ದಳು. ಮನೆಯಲ್ಲಿ ಹೊಸ ಒರೆಯ ಸುದ್ದಿಯನ್ನೇ ಎತ್ತಿರಲಿಲ್ಲ. ಕಿಟಕಿಯ ಬಳಿಯ ಆ ಎಣ್ಣೆಯ ಡಬ್ಬಿ, ತಲೆ ಬಗ್ಗಿಸಿ ಕೂತ ಆ ಬೆನ್ನು ನೋಡಿದಾಗಲೆಲ್ಲ ಮಾತು ಬಾಯಲ್ಲಿಟ್ಟ ಬಿಸಿತುಪ್ಪವಾಗುತ್ತಿತ್ತು.

ಒಂದು ಬೆಳಿಗ್ಗೆ ಆಯುಧದ ಕೋಣೆಯಲ್ಲಿ ಮರಳು ತುಂಬಿದ ಪೆಟ್ಟಿಗೆಯ ಕಡೆ ಪಿಸ್ತೂಲಿನ ಮೂತಿ ಮಾಡಿ ಗುಂಡು ತುಂಬಿದಳು. ಪಿಸ್ತೂಲನ್ನು ಒರೆಗೆ ಇಳಿಸುವಾಗ ಏನೋ ತಡೆಯಿತು. ಒಳಗಿನಿಂದ ಯಾರೋ ಬೆರಳಿಟ್ಟು ಬೇಡ ಎಂದಂತೆ. ಇನ್ನೊಂದಿಷ್ಟು ಒತ್ತಿದ್ದರೆ ಇಳಿಯುತ್ತಿತ್ತು. ಅವಳು ಒತ್ತಲಿಲ್ಲ. ನಿಧಾನಕ್ಕೆ ಹಿಂದೆ ತೆಗೆದು, ಮರಳಿನ ಕಡೆ ಹಿಡಿದು, ಬಗ್ಗಿ ನೋಡಿದಳು. ಒರೆಯ ಬಾಯಂಚು ಮೆತ್ತಗಾಗಿ ಒಳಕ್ಕೆ ಮಡಚಿಕೊಂಡಿತ್ತು. ಮಡಿಕೆ ನಿಂತಿದ್ದುದು ಕುದುರೆ, ಅಂದರೆ ಗುಂಡು ಹಾರಿಸಲು ಬೆರಳಿಡುವ ಕೊಕ್ಕೆ, ಬಂದು ಕೂರುವ ಜಾಗದಲ್ಲಿ.

ಮೇಷ್ಟ್ರು ಒರೆ ಬಿಚ್ಚಿಸಿ ಅಂಚನ್ನು ಹಿಸುಕಿದರು. "ಇದು ಒರೆಯಾ, ನಾಲಿಗೆಯಾ? ಎಷ್ಟು ಎಣ್ಣೆ ಕುಡಿಸಿದ್ದೀರಿ?"

"ನಾನಲ್ಲ. ನಮ್ಮ ಮಾವ."

"ಯಾಕೆ, ನಿಮ್ಮ ಮೇಲೆ ಸಿಟ್ಟಾ ಅವರಿಗೆ?"

"ಇಲ್ಲ. ಪ್ರೀತಿ."

"ಅದು ಇನ್ನೂ ಅಪಾಯ," ಎಂದರು ಮೇಷ್ಟ್ರು. ಆಮೇಲೆ ಕಡ್ಡಿ ಮುರಿದಂತೆ, "ಇವತ್ತಿನಿಂದ ಹೊಸದು. ಇಲ್ಲ ಅಂದ್ರೆ ಪಿಸ್ತೂಲು ನನಗೆ ಕೊಡಿ, ಬರಿಗೈಲಿ ಬಾಗಿಲು ಕಾಯಿರಿ."

ಆ ಸಂಜೆ ಅವಳು ಎರಡು ಒರೆಗಳನ್ನೂ ತಂದು ಮಾವನ ಮುಂದಿಟ್ಟಳು. ಬೆಳಿಗ್ಗೆ ನಡೆದದ್ದನ್ನು ನಡೆದ ಹಾಗೆಯೇ ಹೇಳಿದಳು. ಮಾವ ಮರದ ಪಿಸ್ತೂಲನ್ನು ಚರ್ಮದ ಒರೆಯಲ್ಲಿಟ್ಟು, ಗುಂಡಿ ಹಾಕದೆ ತಲೆಕೆಳಗು ಮಾಡಿದರು. ಅದು ನೆಲಕ್ಕೆ ಬಿತ್ತು. ಎತ್ತಿಕೊಂಡು ಗುಂಡಿ ಹಾಕಿ ಎಳೆದರು. ಗುಂಡಿ ಬಿಚ್ಚಿಕೊಂಡು ಪಿಸ್ತೂಲು ಕೈಗೆ ಬಂತು.

ಹೂ ಎತ್ತಿದ ಹಾಗೆ. ಇಬ್ಬರಲ್ಲಿ ಯಾರೂ ಆ ಮಾತು ಆಡಲಿಲ್ಲ.

"ಬೂಟಿಗಾದ್ರೆ ಈ ಹದ ಒಳ್ಳೇದು," ಎಂದರು ಮಾವ.

"ಇದು ಬೂಟಲ್ಲವಲ್ಲ ಮಾವ."

"ಹೌದು." ಮರದ ಪಿಸ್ತೂಲನ್ನು ಕೆಳಗಿಟ್ಟು, "ಗುಂಡು ಹಾರಿದ್ರೆ ಎಲ್ಲಿಗೆ ಬೀಳ್ತಿತ್ತು?"

"ತೊಡೆಗೆ."

ಅವರು ಎದ್ದು ಬಚ್ಚಲಿಗೆ ಹೋದರು. ನೀರಿನ ಸದ್ದು ಬಹಳ ಹೊತ್ತು ಕೇಳಿಸಿತು. ಬಂದಾಗ ಅಂಗೈಗಳು ತಿಕ್ಕಿ ತಿಕ್ಕಿ ಕೆಂಪಾಗಿದ್ದವು. ಹೊಸ ಒರೆಯನ್ನು ದೀಪದ ಕೆಳಗೆ ಹಿಡಿದು ಸುತ್ತಲೂ ತಿರುಗಿಸಿದರು.

"ಒಂದು ಹೊಲಿಗೆ ಇಲ್ಲ. ಹೆತ್ತಿದ್ದಾ ಇದನ್ನ?"

ಮರದ ಪಿಸ್ತೂಲಿನಲ್ಲಿ ಬೀಗ ಕಚ್ಚುವ ಕುಣಿ ಇರಲಿಲ್ಲ. ಅವಳು ಜಾಗ ತೋರಿಸಿದಳು. ಮಾವ ಉಳಿ ತಂದು, ಕನ್ನಡಕ ಸರಿಮಾಡಿಕೊಂಡು, ಸ್ವಲ್ಪ ಸ್ವಲ್ಪವೇ ಕೆತ್ತಿದರು. ಇಳಿಸಿ ನೋಡಿದರು, ಮತ್ತೆ ಕೆತ್ತಿದರು. ಕೊನೆಗೆ ಟಕ್ಕೆಂದಿತು.

"ಕಟ್ಕೋ," ಎಂದರು.

ಅವಳು ಬೆಲ್ಟು ಕಟ್ಟಿ ನಿಂತಳು. ಮಾವ ಹಿಂದಿನಿಂದ ಬಂದು ಎರಡೂ ಕೈಯಲ್ಲಿ ಮರದ ಪಿಸ್ತೂಲಿನ ಹಿಡಿಯನ್ನು ಹಿಡಿದು ಜಗ್ಗಿದರು. ಅವಳು ಬೆಲ್ಟಿನ ಸಮೇತ ಎರಡು ಹೆಜ್ಜೆ ಹಿಂದೆ ಬಂದಳೇ ಹೊರತು ಪಿಸ್ತೂಲು ಬರಲಿಲ್ಲ. ಪಕ್ಕದಿಂದ ಜಗ್ಗಿದರು, ಮುಂದಿನಿಂದ ತಿರುಚಿದರು. ಉಸಿರು ಮೇಲೆ ಬಂತು. ಗೋಡೆ ಹಿಡಿದು ನಿಂತರು.

"ಮೊಂಡು ಜಾತಿದು," ಎಂದರು. ಅದು ಬೈಗುಳವಾಗಿರಲಿಲ್ಲ. "ಈಗ ನೀನು ತೆಗಿ."

ಅವಳ ಹೆಬ್ಬೆರಳು ಹಳೆಯ ಗುಂಡಿಯಿದ್ದ ಜಾಗಕ್ಕೇ ಹೋಯಿತು. ಅಲ್ಲೇನೂ ಇರಲಿಲ್ಲ. ಇನ್ನೊಮ್ಮೆಯೂ ಹಾಗೆಯೇ ಆಯಿತು.

"ನಾನು ಕಳ್ಳ ಆಗಿದ್ರೆ ಇಷ್ಟೊತ್ತಿಗೆ ಮನೆಗೆ ಹೋಗಿ ಊಟ ಮಾಡಿರ್ತಿದ್ದೆ."

"ಕಳ್ಳ ಆಗಿದ್ರೆ ಇಷ್ಟೊತ್ತಿಗೆ ಏದುಸಿರು ಬಿಡ್ತಾ ಬಿದ್ದಿರ್ತಿದ್ರಿ."

ಮಾವ ನಕ್ಕು ಕುರ್ಚಿಗೆ ಒರಗಿದರು.

ಅಂದಿನಿಂದ ಸಂಜೆಗಳಲ್ಲಿ ಅದೊಂದು ರೂಢಿಯಾಯಿತು. ಅವಳು ಒಲೆಯ ಮುಂದಿರಲಿ, ಬಟ್ಟೆ ಮಡಚುತ್ತಿರಲಿ, ಬೆಲ್ಟು ಕಟ್ಟಿಕೊಂಡೇ ಇರಬೇಕು. ಮಾವ ಸದ್ದಿಲ್ಲದೆ ಬಂದು ಜಗ್ಗುತ್ತಿದ್ದರು. ಅವಳು ಮೊಣಕೈ ಒತ್ತಿ ತಿರುಗಬೇಕು, ದೂರ ಸರಿಯಬೇಕು, ಆಮೇಲೆ ತೆಗೆಯಬೇಕು. ಹೆಬ್ಬೆರಳು ಹೊಸ ಜಾಗವನ್ನು ಮೆಲ್ಲಗೆ ಕಲಿಯಿತು. ಒಂದು ಸಂಜೆ ಮಾವ ಜಗ್ಗುವ ಮೊದಲೇ ಅವಳು ತಿರುಗಿ ನಿಂತಿದ್ದಳು. ಅವರು ಹೋಗಿ ಕುರ್ಚಿಯಲ್ಲಿ ಕೂತರು.

ಮುಂದಿನ ರಜೆಯ ದಿನ ಬಟ್ಟೆ ಒಗೆದು ಬಂದವಳಿಗೆ ಎಣ್ಣೆಯ ವಾಸನೆ ಬಡಿಯಿತು. ಬಾಗಿಲ ಹಿಂದೆ ನೋಡಿದಳು. ಪ್ಲಾಸ್ಟಿಕ್ಕಿನ ಒರೆ ಮೊಳೆಯಲ್ಲಿ ಎಣ್ಣೆ ಸೋಕದೆ ನೇತಾಡುತ್ತಿತ್ತು. ಕಿಟಕಿಯ ಬಳಿ ಮಾವ ಅವಳ ಡ್ಯೂಟಿಯ ಬೂಟುಗಳನ್ನು ಮಡಿಲಲ್ಲಿಟ್ಟುಕೊಂಡು, ಹಿಮ್ಮಡಿ ಕಚ್ಚುವ ಜಾಗಕ್ಕೆ ನಿಧಾನವಾಗಿ ಎಣ್ಣೆ ಉಣ್ಣಿಸುತ್ತಿದ್ದರು.